ಬರ್ತೀನಿ ಅಂದವರು

ಊರಿನ ಯಾವ ಮನೆಯಲ್ಲೂ ಈಗ ಸ್ವಿಚ್ಚಿಲ್ಲ, ಚಿಲಕವಿಲ್ಲ. ಬಾಯಲ್ಲಿ ಹೇಳಿದರೆ ಸಾಕು, ಮನೆ ಕೇಳುತ್ತದೆ. ಸರ್ವಮಂಗಳಮ್ಮನವರ ಮನೆ ಮಾತ್ರ ಒಂದು ವಿಷಯದಲ್ಲಿ ಯಾರ ಮಾತೂ ಕೇಳುತ್ತಿರಲಿಲ್ಲ. ಗಂಡ ರುದ್ರಮುನಿ ರಸ್ತೆ ಅಪಘಾತದಲ್ಲಿ ತೀರಿಕೊಂಡು ವರ್ಷವಾದರೂ, ದಿನಾ ಸಂಜೆ ಅವರ ಸ್ನಾನಕ್ಕೆಂದು ನೀರು ಕಾಯಿಸಿ, ಅವರಿಗೆಂದು ಬಾಗಿಲು ತೆರೆಯುತ್ತಿತ್ತು.

ಅವತ್ತು ನೀರು ಕಾಯಲು ಶುರುವಾದ ಹೊತ್ತಿಗೇ ರಿಪೇರಿಯ ಅಲ್ತಾಫ್ ಬಂದ. ಗೋಡೆಯ ಪೆಟ್ಟಿಗೆ ಬಿಚ್ಚುತ್ತಾ ಕೇಳಿದ.

"ಕೊನೇ ಸಲ ಹೊರಡೋವಾಗ ಯಜಮಾನ್ರು ಏನಂದ್ರಮ್ಮ?"

"ಎಲ್ಲರೂ ಅನ್ನೋದೇ. ಬರ್ತೀನಿ ಅಂದ್ರು."

"ಅದೇ ನೋಡಿ. ಬರ್ತೀನಿ ಅಂದೋರನ್ನ ಇದು ಕಾಯ್ತಾನೇ ಇರುತ್ತೆ. ಹೋಗ್ತೀನಿ ಅಂದಿದ್ರೆ ಅವತ್ತೇ ಬಿಟ್ಟುಬಿಡ್ತಿತ್ತು."

"ಹೊಸ್ತಿಲು ದಾಟೋವಾಗ ಹೋಗ್ತೀನಿ ಅಂತ ಯಾರಾದ್ರೂ ಅಂತಾರೇನಪ್ಪ? ಬಿಡ್ತು ಅನ್ನು!"

ಅಲ್ತಾಫ್ ತಲೆ ತಗ್ಗಿಸಿದ. "ಈಗ ನೀವೇ ಹೇಳ್ಬೇಕಮ್ಮ, ಅವರಿನ್ನು ಬರಲ್ಲ ಅಂತ. ನಿಮ್ಮ ಬಾಯಿಂದಲೇ ಬರಬೇಕು."

ಹೆಣದ ಮುಂದೆ ಕೂತು ಅತ್ತಾಗಲೂ ಅವರು ಆಡದ ಮಾತು ಅದು. ಬಾಯಿಗೊತ್ತಿಕೊಂಡಿದ್ದ ಸೆರಗನ್ನು ತೆಗೆದು, ಕೊನೆಗೂ ಹೇಳಿದರು. "ಅವರಿನ್ನು ಬರಲ್ಲ."

"ಸರಿ," ಎಂದಿತು ಮನೆ. ಬಚ್ಚಲಲ್ಲಿ ನೀರು ಕಾಯುವ ಸದ್ದು ನಿಂತಿತು.

ಸಾವಿನ ಮನೆಯಿಂದ ಎದ್ದುಹೋಗುವವರಂತೆ ಅಲ್ತಾಫ್ ಬರ್ತೀನಿ ಎನ್ನದೆ ಹೊರಟ. ಅವನ ಹಿಂದೆಯೇ ಬಾಗಿಲು ಬೀಗ ಹಾಕಿಕೊಂಡಿತು.

ಸರ್ವಮಂಗಳಮ್ಮ ದೇವರ ಮುಂದೆ ದೀಪ ಹಚ್ಚುತ್ತಿದ್ದಾಗ ಮನೆ, ಯಾರೂ ಕೇಳದೆಯೇ, ಮೆಲ್ಲಗೆ ಮಾತಾಡಿತು.

"ಅಮ್ಮಾ, ಹೊರಗೆ ಯಜಮಾನರ ದನಿ. ಬಾಗಿಲು ತೆಗಿ ಅಂತಿದಾರೆ. ದಿನಾ ಅಂದ ತಕ್ಷಣ ತೆಗೀತಿದ್ದೆ. ಇವತ್ತು ಏನು ಹೇಳಲಿ?"