ಕಥೆಯಲ್ಲೊಂದು ತಪ್ಪು

ತಾಯಿ ಮಗಳು ಎದುರುಬದುರು ಕೂತು ಅವರೆಕಾಯಿ ಸುಲಿಯುತ್ತಿದ್ದರು. ಫೋನ್ ಸದ್ದು ಮಾಡಿತು. ಮಗಳು ವೇಲಿಗೆ ಕೈ ಒರೆಸಿಕೊಂಡು ನೋಡಿದಳು. ತಾನು ಬರೆದ ಕಥೆಯೊಂದನ್ನು ಎಲ್ಲರೂ ಓದುವಂತೆ ಫೋನಿನಲ್ಲಿ ಹಾಕಿದಾಗಿನಿಂದ ಪ್ರತಿ ಸದ್ದಿಗೂ ಹೀಗೇ ಆಸೆಯಿಂದ ನೋಡಿ, ಮುಖ ಸಪ್ಪಗೆ ಮಾಡಿಕೊಂಡು ಮತ್ತೆ ಕೆಲಸಕ್ಕೆ ಕೂರುತ್ತಿದ್ದಳು.

“ಇನ್ನೊಂದು ತಪ್ಪು ಹಿಡಿದ್ರಾ?” ತಾಯಿ ಕೇಳಿದಳು. “ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳಿಗೆ ಕಥೆ ಬರೆಯೋ ಚಟ. ಒತ್ತು ಬಿಟ್ಟೆ, ಕೊಂಬು ಬಿಟ್ಟೆ ಅಂತ ಊರೋರೆಲ್ಲ ನಿಂಗೆ ಮೇಷ್ಟ್ರು.”

“ಇದು ಒತ್ತು ಕೊಂಬಿಂದಲ್ಲಮ್ಮ.”

“ಮತ್ತೇನಂತೆ?”

ಮಗಳು ಓದಿದಳು. “‘ಅಪ್ಪ ಮಗನನ್ನು ಹೊಡೆದು ಮನೆಯಿಂದ ಅಟ್ಟುವಾಗ ಬಲಗೈ ಎತ್ತಿದ ಎಂದು ಬರೆದಿದ್ದೀರಿ. ತಪ್ಪು. ಅವನು ಎತ್ತಿದ್ದು ಎಡಗೈ.’”

“ಯಾರದು?”

“ಹೆಸರಿಲ್ಲ. ಫೋಟೋನೂ ಇಲ್ಲ.”

ತಾಯಿಯ ಕೈಯಲ್ಲಿದ್ದ ಕಾಯಿ ಅರ್ಧ ಬಿಡಿಸಿದಂತೆಯೇ ಉಳಿಯಿತು. ಗೋಡೆಯ ಮೇಲೆ ಹಾರ ಹಾಕಿದ್ದ ಗಂಡನ ಪಟದ ಕಡೆ ನೋಡಿದಳು.

“ಅವರು ಎಡಚರು ಅಂತ ನಿಂಗೊತ್ತಿತ್ತಲ್ಲ. ಬಲಗೈ ಅಂತ ಯಾಕೆ ಬರೆದೆ?”

“ಗೊತ್ತಿರೋರು ತಿದ್ದಲಿ ಅಂತ.”

ಮಗಳು ಆ ಸಾಲಿನ ಕೆಳಗೆ ಒಂದೊಂದೇ ಅಕ್ಷರ ನೋಡಿಕೊಂಡು ಉತ್ತರ ಬರೆದಳು. ತಪ್ಪು ಹಿಡಿಯುವ ಎಷ್ಟೋ ಜನ ಅದನ್ನು ಓದಿರಬೇಕು. ಇವತ್ತಿನವರೆಗೆ ಯಾರೂ ಏನೂ ಹೇಳಿಲ್ಲ. ಅದು ಈಗಲೂ ಅಲ್ಲೇ ಇದೆ:

“ಅಣ್ಣಾ, ಅಪ್ಪ ಈಗಿಲ್ಲ. ಮನೆಗೆ ಬಾ.”