ಹುಲಿಯಾನ ಧೈರ್ಯ

ಓಣಿಯಲ್ಲಿ ಕಳ್ಳರ ಕಾಟ ಹೆಚ್ಚಾದಾಗ ನಾಯಿ ತಂದು ಹುಲಿಯಾ ಎಂದು ಹೆಸರಿಟ್ಟೆ. ತರಬೇತಿಗೆಂದು ಹೆಂಡತಿ ಮಹಾದೇವಿಯೊಂದಿಗೆ ಅದನ್ನು ನಾಯಿ ಪಳಗಿಸುವ ಚನ್ನವೀರಪ್ಪನವರ ಮೈದಾನಕ್ಕೆ ಕರೆದೊಯ್ದೆ. ಅವರು ಗೋಣಿಚೀಲ ಎಳೆದುಕೊಂಡು ಓಡಿದರು. ಹುಲಿಯಾ ಹಾರಿ ಹಿಡಿದು ಅದನ್ನು ಚಿಂದಿ ಮಾಡಿತು.

"ನೋಡಿದ್ರೇನ್ರಿ ಧೈರ್ಯಾನ!" ಎಂದು ನಾನು ಬೀಗಿದೆ.

"ಇದು ಧೈರ್ಯ ಅಲ್ರೀ ಸರ, ಬ್ಯಾಟಿ ಹುಚ್ಚು. ಓಡೋದನ್ನ ಬೆನ್ನಟ್ಟೋದು ಬ್ಯಾರೆ, ಮೈಮ್ಯಾಲೆ ಬಂದವ್ರನ್ನ ಎದುರಿಸೋದು ಬ್ಯಾರೆ."

ಹಾಗೆಂದವರೇ ದೊಣ್ಣೆ ಎತ್ತಿ, ಅಬ್ಬರಿಸುತ್ತ ನಮ್ಮತ್ತಲೇ ನುಗ್ಗಿದರು. ಮಹಾದೇವಿ ನಿಂತಲ್ಲಿಂದ ಕದಲಲಿಲ್ಲ. ಹುಲಿಯಾ ಬಾಲ ಮುದುರಿಕೊಂಡು ಅವಳ ಬೆನ್ನ ಹಿಂದಕ್ಕೆ ಓಡಿತು.

"ಸ್ವಲ್ಪ ಸರೀರಿ, ಅದಕ್ಕೂ ಜಾಗಾ ಕೊಡ್ರಿ," ಎಂದಳು ಅವಳು, ಅಲ್ಲಿ ಆಗಲೇ ಕುಕ್ಕರಿಸಿದ್ದ ನನಗೆ.