ಸೆರಗಿನ ಗಂಟಿನ ಬ್ರೇಕು

ಸಾಯಣ್ಣ ಮನೆ ಮುಂದೆ ಸೈಕಲ್ ಹತ್ತಲೇ ಇಲ್ಲವೆಂದು ಗೊತ್ತಾದಾಗ ಮೊಗುಲಮ್ಮನ ಎದೆ ಧಸಕ್ಕೆಂದಿತು. ದೂರದ ಪಯಣಕ್ಕೆ ಹೊರಟ ಗಂಡನ ಬೆನ್ನನ್ನು ಹೆಂಡತಿ ನೋಡಬಾರದೆಂದು ಅವಳನ್ನು ಒಳಗೆ ಕೂರಿಸಿದ್ದರು. ಅವನು ಬೀಳುವ ಸದ್ದಿಗಾಗಿ ಅವಳು ಕಿವಿಗೊಟ್ಟು ಕೂತಿದ್ದಳು. ಬೀಳ್ಕೊಡುವ ಭಜಂತ್ರಿಯ ಸದ್ದು ದೂರವಾಯಿತೇ ಹೊರತು ಬಿದ್ದ ಸದ್ದು ಬರಲಿಲ್ಲ.

“ಮಂದಿ ಹತ್ತಾಕ ಬಿಟ್ಟರ ಹತ್ತಬೇಕಲ್ಲ?” ಒಳಗೆ ಬಂದ ನೆರೆಮನೆಯ ಹುಸೇನಮ್ಮ ನಗುತ್ತಾ ಹೇಳಿದಳು. “ಅಣ್ಣಗೂ ಹಾರ, ಸೈಕಲ್ಲಿಗೂ ಹಾರ! ಊರ ಅಗಸಿ ಬಾಗಿಲತನಕ ನಡಿಸಿಕೊಂಡೇ ಹೋದರು. ಅಲ್ಲಿಂದ ಹತ್ತಿ ಕುಂತು ಸೀದಾ ಹೊಳಿಗೆ ಇಳೀತಾನಂತ.”

ಮೊಗುಲಮ್ಮನ ಕೈ ತಾನಾಗಿ ಸೆರಗಿನ ಗಂಟನ್ನು ಹಿಡಿದುಕೊಂಡಿತು. ಗಂಟಿನೊಳಗೆ ಮೈಲಾರಲಿಂಗನ ಅರಿಸಿನ ಭಂಡಾರದ ಜೊತೆ ಸೈಕಲ್ ಬ್ರೇಕಿನ ನಾಲ್ಕೂ ರಬ್ಬರುಗಳಿದ್ದವು.

ಬೆಳಿಗ್ಗೆ ಗಂಡ ಸ್ನಾನಕ್ಕೆ ಹೋದಾಗ ಅವಳೇ ನಟ್ಟಿಗೆ ಪಾನಾ ಹಾಕಿ ಬಿಚ್ಚಿದ್ದಳು. ಮತ್ತೇನು ಮಾಡಬೇಕಿತ್ತು? ನಿಜಾಮ ಸರ್ಕಾರದ ಟಪಾಲು ಹೊತ್ತು ನಾರಾಯಣಪೇಟೆಗೂ ಮಕ್ತಲಿಗೂ ಕಾಲು ಸವೆಸಿದವನು ಪಿಂಚಣಿ ಬಂದ ಮೇಲಾದರೂ ಮನೆ ಹಿಡಿದು ಕೂರಬಾರದೆ? ಅರವತ್ತಕ್ಕೆ ಅರಳುಮರಳು ಅನ್ನುತ್ತಾರೆ, ಇವನಿಗೆ ಐದು ವರ್ಷ ಮೊದಲೇ ಬಂದಿತ್ತು. ಬಸ್ರಾ, ರಂಗೂನು ಎಂದು ಊರವರ ಕಾಗದಗಳ ಮೇಲಿನ ಮುದ್ರೆ ನೋಡಿ ನೋಡಿ, ದುನಿಯಾ ಸುತ್ತಿ ಬರುತ್ತೇನೆಂದು ಸೈಕಲ್ ಕೊಂಡ. ಅವಳು ಅತ್ತಳು, ಊಟ ಬಿಟ್ಟಳು, ಅವನು ಕೇಳಲಿಲ್ಲ. ಹೊಳೆ ದಾಟುವ ಮೊದಲೇ ಬಿದ್ದವನು ಆ ವರ್ಷ ಪಯಣ ಹೊರಡಬಾರದು ಎಂಬ ಮಾತು ಊರಲ್ಲಿತ್ತು. ಮನೆಯ ಪಕ್ಕದ ತಿರುವಿನಲ್ಲಿ ದೊಡ್ಡ ತಿಪ್ಪೆ. ಬ್ರೇಕು ಹಿಡಿಯದಿದ್ದರೆ ಅದರಲ್ಲೇ ಬೀಳುತ್ತಾನೆ, ಅದೂ ಮೆತ್ತಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಉಪಾಯ ಅವಳದು.

ಆದರೆ ಹೊಳೆಯ ಇಳಿಜಾರು! ಗಾಡಿಯವರೇ ಎತ್ತು ಬಿಚ್ಚಿ, ಗಾಲಿಗೆ ಕಲ್ಲು ಕೊಟ್ಟು ಇಳಿಸುವ ಜಾಗ ಅದು. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಕೃಷ್ಣೆಯ ಮಡು.

ಮೊಗುಲಮ್ಮ ಓಡಿದಳು. ಅಗಸಿಯಲ್ಲಿ ಮಂದಿ ಬೇವಿನ ನೆರಳಿಗೆ ಕೂತು ಬೆಲ್ಲ ತಿನ್ನುತ್ತಿದ್ದರು. “ತಡ ಆತು ನೋಡಬೇ, ಗಾಳಿಯಂಗ ಹೋದ ನಿನ್ನ ಗಂಡ!” ಎಂದು ಒಬ್ಬ ಕೂಗಿದ. ಅವಳು ಇಳಿಜಾರಿನತ್ತ ಓಡಿದಳು. ಇಳಿಜಾರಿನ ಧೂಳಿನಲ್ಲಿ ಗಾಲಿಯ ಗೆರೆ ಮೊದಲು ನೆಟ್ಟಗಿತ್ತು, ಆಮೇಲೆ ಹಾವಿನಂತೆ ಹೊರಳಾಡಿತ್ತು. ಬಂಡೆಯ ಬಳಿ ಹಾರ ಹರಿದು ಚೆಂಡುಹೂಗಳು ಚೆಲ್ಲಿದ್ದವು. ಅಲ್ಲಿಂದಾಚೆ ಗೆರೆಯೇ ಇರಲಿಲ್ಲ. ಮಡುವಿನ ಕಡೆ ನೋಡಲು ಅವಳಿಗೆ ಧೈರ್ಯವಾಗಲಿಲ್ಲ. ಕೊಂದೆ, ನನ್ನ ಕೈಯಾರೆ ಕೊಂದೆ ಎಂದು ಬಾಯಿಬಿಟ್ಟು ಅಳಲು ಹೊರಟಳು.

“ಮೊಗುಲೀ, ಒದರಬ್ಯಾಡ!”

ದನಿ ಜಾಲಿಕಂಟಿಯ ಹಿಂದಿನಿಂದ ಬಂತು. ಸಾಯಣ್ಣ ಉಸುಕಿನಲ್ಲಿ ಕೂತಿದ್ದ. ಮೊಣಕೈ ತರಚಿ ರಕ್ತ ಇಳಿಯುತ್ತಿತ್ತು, ತಲೆಯ ಪಟಕಾ ಮುಳ್ಳಿಗೆ ಸಿಕ್ಕಿ ಜೋತಾಡುತ್ತಿತ್ತು. ಸೈಕಲ್ಲು ಪಕ್ಕದಲ್ಲಿ ಮಗುಚಿ ಬಿದ್ದಿತ್ತು.

“ಬಿದ್ದದ್ದು ಮ್ಯಾಲ ಅಗಸ್ಯಾಗ ಕುಂತವರಿಗೆ ಗೊತ್ತಾಗಬಾರದು. ಗೊತ್ತಾದರ ಎಳಕೊಂಡು ಹೋಗಿ ಮನ್ಯಾಗ ಕೂಡಸ್ತಾರ,” ಎಂದು ಅವಳ ಕೈ ಹಿಡಿದ. “ಮುಂದಿನ ವರ್ಷಕ್ಕ ಈ ಕಾಲಿನ್ಯಾಗ ಕಸುವು ಇರತೈತೋ ಇಲ್ಲೋ. ಕುಂತ ಕಟ್ಟಿ ಮ್ಯಾಲೇ ಸಾಯೋದಂದ್ರ ನನಗ ಭಾಳ ಹೆದರಿಕಿ ಐತಿ.”

ಅವಳು ಬೇಡಿಕೊಂಡದ್ದು ಈಗ ಕೈಗೆ ಬಂದಿತ್ತು. ಅಗಸಿಯ ಕಡೆ ತಿರುಗಿ ಒಂದೇ ಒಂದು ಸಲ ಕೂಗಿದರೆ ಸಾಕು, ಗಂಡ ಮನೆಯಲ್ಲಿ ಉಳಿಯುತ್ತಾನೆ. ಕೂಗದಿದ್ದರೆ ಆಚೆ ದಡ, ಗದ್ವಾಲ, ಕರ್ನೂಲು, ಅದರಾಚೆಗೆ ಹೆಸರು ಗೊತ್ತಿಲ್ಲದ ಊರುಗಳು. ಇಳಿಜಾರಿಲ್ಲದ ದಾರಿ ಎಲ್ಲಿದೆ?

“ನಡೀರಿ ಮನಿಗೆ,” ಎಂದಳು.

ಸಾಯಣ್ಣ ಎದ್ದು ಸೈಕಲ್ ನಿಲ್ಲಿಸಿ ಬ್ರೇಕು ತಡವಿ ನೋಡಿದ. “ರಬ್ಬರ್ ಎಲ್ಲೋ ಉದುರ್ಯಾವ. ಇರ್ಲಿ, ಮುಂದ ಎಲ್ಲೆರ ಸಿಕ್ಕರ ಹಾಕಸ್ತೀನಿ. ಅಲ್ಲಿತನಕ ಕಾಲು ಊರಿ ನಿಲ್ಲಸ್ತೀನಿ.” ರಕ್ತ ಇಳಿಯುತ್ತಿದ್ದ ಕೈಯನ್ನೇ ಎತ್ತಿ ಹೊಳೆಯಲ್ಲಿದ್ದ ಹರಿಗೋಲಿನವನಿಗೆ ಬಾ ಎಂದು ಬೀಸಿದ.

ಅದನ್ನು ನೋಡಿದ ಮೇಲೆ ಮೊಗುಲಮ್ಮನಿಗೆ ಕೂಗಲಾಗಲಿಲ್ಲ. ಸೆರಗಿನ ಗಂಟು ಬಿಚ್ಚಿದಳು.

“ತಗೋರಿ. ಬರೋ ಮುಂದ ದಾರ್ಯಾಗ ಸಿಕ್ಕವು.”

ಸಾಯಣ್ಣ ಅಂಗೈ ಚಾಚಿದ. ಕಪ್ಪು ರಬ್ಬರುಗಳು ಭಂಡಾರ ಮೆತ್ತಿ ಹಳದಿಯಾಗಿದ್ದವು. ಅವನು ಅವನ್ನು ನೋಡಿದ, ಅವಳ ಸೆರಗು ನೋಡಿದ.

“ದಾರ್ಯಾಗ ಸಿಕ್ಕವಾ?”

“ಹೂಂ.”

ಅವನು ಪಾನಾ ತೆಗೆದು ಒಂದೊಂದಾಗಿ ಬಿಗಿದ. ಭಂಡಾರವನ್ನು ಮಾತ್ರ ಒರೆಸಲಿಲ್ಲ. ಸೈಕಲನ್ನು ಹರಿಗೋಲಿನಲ್ಲಿಟ್ಟು, ಗಾಲಿ ತಿರುಗಿಸಿ ಬ್ರೇಕು ಒತ್ತಿದ. ಗಾಲಿ ಗಕ್ಕನೆ ನಿಂತಿತು.

“ಹಿಡೀತಾವ, ನೀ ಅಂಜಬ್ಯಾಡ,” ಎಂದ.

ಹರಿಗೋಲು ದಡ ಬಿಟ್ಟು ನೀರಿನ ಸೆಳೆತಕ್ಕೆ ಗಿರಗಿರನೆ ಸುತ್ತತೊಡಗಿತು. ಅದು ಸುತ್ತಿದಂತೆಲ್ಲ ಒಳಗೆ ಸಾಯಣ್ಣನೂ ತಿರುಗಿ ತಿರುಗಿ ಕೂರುತ್ತಿದ್ದ, ತನ್ನ ಬೆನ್ನು ಅವಳಿಗೆ ಕಾಣದ ಹಾಗೆ.